ಲಾರಿ ಬೆನ್ನಿನ ಮರದ ಮನೆ ಮತ್ತು ಸಡಿಲಾದ ಮೂಲೆಗಳು

ಕ್ಯಾಲಿಫೋರ್ನಿಯಾದ ಹಂಬೋಲ್ಟ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕಿಗೆ ಯಾವತ್ತಾದರೂ ಹೋದರೆ ಅಲ್ಲಿನ ವಿಸಿಟರ್ ಸೆಂಟರ್ ಒಳಗೊಂದು ವಿಚಿತ್ರ ಗಾಡಿ ಇದೆ, ತಪ್ಪದೆ ನೋಡಿ. ಉರುಳಿಬಿದ್ದ ಮರದ ದಿಮ್ಮಿಗೆ ಯಾರೋ ಚಕ್ರ ಸಿಕ್ಕಿಸಿದ ಹಾಗೆ ಕಾಣುತ್ತೆ. ಹತ್ತಿರ ಹೋಗಿ ನೋಡಿದರೆ... ನಿಜಕ್ಕೂ ಅದು ಅಷ್ಟೇ :) ಚಾರ್ಲ್ಸ್ ಕೆಲಾಗ್ ಅಂತ ಒಬ್ಬ ಕಲಾವಿದ ಇದ್ದ. ಹಕ್ಕಿಗಳ ದನಿಯಲ್ಲಿ ವೇದಿಕೆ ಮೇಲೆ ಹಾಡುವುದು ಅವನ ಕಸುಬು. 1917ರಲ್ಲಿ ಆತ ನೆಲಕ್ಕುರುಳಿದ್ದ ರೆಡ್‌ವುಡ್ ಮರದ ಸುಮಾರು 22 ಅಡಿ ಉದ್ದದ ತುಂಡನ್ನು ಒಳಗಿಂದ ಕೊರೆದು ಟೊಳ್ಳು ಮಾಡಿ, ನ್ಯಾಶ್ ಕ್ವಾಡ್ ಎಂಬ ಟ್ರಕ್ಕಿನ ಮೇಲೆ ಕೂರಿಸಿ, ಅದರೊಳಗೇ ಮಲಗೆದ್ದುಕೊಂಡು ಅಮೆರಿಕಾ ಸುತ್ತಿದ. ರೆಡ್‌ವುಡ್ ಕಾಡು ಉಳಿಸಿ ಅಂತ ಜನಕ್ಕೆ ಹೇಳೋದು ಅವನ ಉದ್ದೇಶವಾಗಿತ್ತು.

ಈ ಗಾಡಿಯನ್ನು ಎಲ್ಲರೂ ತಮಾಷೆಯ ವಸ್ತು ಅಂತಲೇ ನೋಡುತ್ತಾರೆ. ನನಗೆ ಮಾತ್ರ ಅದರಲ್ಲಿ ಬೇರೆಯದೇ ಒಂದು ವಿಷಯ ಕಂಡಿತು. ಲಾರಿ ಮೇಲೆ ಹೊತ್ತೊಯ್ದ ಮರದ ಮನೆಗಳಲ್ಲಿ ಜೋಡಣೆಯೇ ಇಲ್ಲದ ಮನೆ ನಾನು ಕಂಡದ್ದು ಇದೊಂದೇ. ಗೋಡೆ, ಮಾಡು, ನೆಲ ಎಲ್ಲವೂ ಒಂದೇ ಮರ. ಮೂಲೆಯೇ ಇಲ್ಲದ ಮೇಲೆ ಮೂಲೆ ಬಿಟ್ಟುಕೊಳ್ಳುವ ಪ್ರಶ್ನೆಯೇ ಇಲ್ಲ! ಮಿಕ್ಕ ಎಲ್ಲ ಮರದ ಮನೆಗಳಿಗೂ ಮೂಲೆಗಳಿವೆ, ಕೆಟ್ಟ ರಸ್ತೆ ಹುಡುಕಿಕೊಂಡು ಬರುವುದು ಅವನ್ನೇ.

ಈ ತಲೆಹರಟೆ ನನಗ್ಯಾಕೆ ಅಂತ ಕೇಳಬಹುದು. ನಾನಿರುವುದು ವಾಷಿಂಗ್ಟನ್ ರಾಜ್ಯದ ಪಶ್ಚಿಮಕ್ಕೆ, ಅಂದರೆ ವರ್ಷದ ಮುಕ್ಕಾಲು ಭಾಗ ಆಕಾಶ ಸೋರುವ ಕಡೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಅವರ ಅಂಗಳದಲ್ಲಿ 1970ರ ದಶಕದ ಒಂದು ಟ್ರಕ್ ಕ್ಯಾಂಪರ್ ಇತ್ತು. ನೋಡದವರಿಗೆ ಹೇಳಬೇಕೆಂದರೆ, ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯೊಳಗೆ ಇಳಿಸಿ ಕಟ್ಟುವ ಪುಟ್ಟ ಮನೆ ಅದು. ಒಲೆ, ಸಿಂಕು, ಎರಡು ಬೆಂಚು, ಒಂದು ಮೇಜು. ಡ್ರೈವರ್ ತಲೆಯ ಮೇಲೆ ಮೂಗಿನಂತೆ ಮುಂದಕ್ಕೆ ಚಾಚಿಕೊಂಡ ಭಾಗದಲ್ಲಿ ಹಾಸಿಗೆ. ಬೇಡವಾದಾಗ ನಾಲ್ಕು ಮೂಲೆಗೆ ಜಾಕ್ ಕೊಟ್ಟು ಮೇಲೆತ್ತಿ ಟ್ರಕ್ಕನ್ನು ಕೆಳಗಿನಿಂದ ಹೊರಗೆ ಓಡಿಸಬಹುದು. ಹೆಂಡತಿ ತೀರಿಕೊಂಡ ಮೇಲೆ ಅದನ್ನು ಮುಟ್ಟದೇ ಇದ್ದ ನಮ್ಮ ತಾತ, ಮೊಮ್ಮಗಳ ಒತ್ತಾಯಕ್ಕೆ ಒಮ್ಮೆ ಕೆನಡಾದ ಡೆಂಪ್‌ಸ್ಟರ್ ಹೆದ್ದಾರಿಗೆ ಹೋಗಿಬಂದರು. ಡಾಸನ್ ಸಿಟಿ ಹತ್ತಿರದಿಂದ ಇನುವಿಕ್‌ವರೆಗೆ 700 ಕಿಲೋಮೀಟರಿಗೂ ಹೆಚ್ಚು ಉದ್ದದ ಜಲ್ಲಿ ರಸ್ತೆ ಅದು, 1979ರಲ್ಲಿ ತೆರೆದದ್ದು. ವಾಪಸ್ ಬಂದಾಗ ಕ್ಯಾಂಪರಿನ ಮೂಗು ಎರಡು ಬೆರಳಿನಷ್ಟು ಕೆಳಗೆ ಜೋತಿತ್ತು. ಬಾಗಿಲು ಮುಚ್ಚುತ್ತಿರಲಿಲ್ಲ. ಒಂದು ರಿಪೇರಿ ಅಂಗಡಿಯವರು ಬಂದು ನೋಡಿ, ಇದನ್ನು ಒಡೆದು ಹಾಕಿ, ಕಸದ ದುಡ್ಡಷ್ಟೇ ಖರ್ಚು ಅಂದರಂತೆ. ಮೊಮ್ಮಗಳು ಮಲಗುತ್ತಿದ್ದದ್ದು ಅದೇ ಮೂಗಿನಲ್ಲಿ, ಪಕ್ಕದಲ್ಲೇ ಒಲೆಯ ಗ್ಯಾಸ್ ಪೈಪು ಹಾದುಹೋಗಿದೆ. ಹಾಗಾಗಿ ಸುಮ್ಮನೆ ಆಣಿ ಹೊಡೆದು ಓಡಿಸೋಣ ಅನ್ನುವ ಹಾಗಿರಲಿಲ್ಲ. ಬಿಚ್ಚಿ ನೋಡೋಣ ಅಂತ ನಿಶ್ಚಯಿಸಿದೆವು. ಅದಕ್ಕೆ ಎರಡು ಬೇಸಿಗೆ ಹಿಡಿಯಿತು.

ಹೊರಗಿನ ಅಲ್ಯೂಮಿನಿಯಂ ತಗಡು ಸುಲಿದಾಗ ಒಳಗೆ ಕಂಡದ್ದು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಪೈನ್ ರೀಪುಗಳು. ಒಂದರ ತುದಿಯನ್ನು ಇನ್ನೊಂದರ ಮಗ್ಗುಲಿಗೆ ಸುಮ್ಮನೆ ತಾಗಿಸಿ ಎರಡು ಸ್ಟೇಪಲ್ ಹೊಡೆದಿದ್ದರು. ಅಷ್ಟೇ. ಅಂಟಿಲ್ಲ, ಸ್ಕ್ರೂ ಇಲ್ಲ. ಆಫೀಸಿನ ಕಾಗದಕ್ಕೆ ಹೊಡೆಯುವ ಪಿನ್ನಿನ ಅಣ್ಣನಂಥ ಪಿನ್ನು ಇಡೀ ಮನೆಯನ್ನು ಹಿಡಿದುಕೊಂಡಿತ್ತು. ಇಷ್ಟು ದಿನ ಹೇಗೆ ನಿಂತಿತ್ತಪ್ಪಾ ಅನ್ನಿಸಿತು. ಆಮೇಲೆ, ಮರದ ಕೆಲಸದಲ್ಲಿ ಅಷ್ಟು ಪಳಗಿದ್ದ ದೇಶ ಇಲ್ಲಿಗೆ ಹೇಗೆ ಬಂತು ಅನ್ನುವ ಪ್ರಶ್ನೆ ಹುಟ್ಟಿತು. ಈ ಬರಹ ಅದರ ಹಿಂದೆ ಹೋದದ್ದರ ಫಲ.

ಮೊದಲು ವ್ಯಾಗನ್ನುಗಳ ಕಾಲಕ್ಕೆ ಹೋಗೋಣ. 1840ರ ದಶಕದಿಂದ ರೈಲು ದೇಶವನ್ನು ದಾಟಿದ 1869ರವರೆಗೆ ಆರೆಗಾನ್ ಟ್ರೇಲ್ ಎಂಬ ದಾರಿಯಲ್ಲಿ ಲಕ್ಷಾಂತರ ಜನ ಸುಮಾರು 3,200 ಕಿಲೋಮೀಟರ್ ದೂರವನ್ನು ಎತ್ತಿನ ಬಂಡಿಗಳಲ್ಲಿ ಹೋದರು. (ಸಿನಿಮಾಗಳಲ್ಲಿ ಕುದುರೆ ತೋರಿಸುತ್ತಾರೆ, ನಿಜವಾಗಿ ಎಳೆದದ್ದು ಹೆಚ್ಚಾಗಿ ಎತ್ತುಗಳು. ಜನ ಬಹುಪಾಲು ನಡೆದೇ ಹೋದರು.) ಅವರ ದೊಡ್ಡ ತಲೆನೋವು ಕಲ್ಲುಗಳಷ್ಟೇ ಅಲ್ಲ, ಒಣ ಹವೆ ಕೂಡ. ಪೂರ್ವದ ತೇವದಲ್ಲಿ ಮಾಡಿದ ಚಕ್ರ ಪಶ್ಚಿಮದ ಬಯಲಿಗೆ ಬಂದ ಕೂಡಲೇ ಒಣಗಿ ಕುಗ್ಗುತ್ತಿತ್ತು. ಮರ ಕುಗ್ಗುತ್ತೆ, ಸುತ್ತಲಿನ ಕಬ್ಬಿಣದ ಪಟ್ಟಿ ಕುಗ್ಗುವುದಿಲ್ಲ. ಪಟ್ಟಿ ಕಳಚಿ ದಾರಿಯಲ್ಲಿ ಉರುಳುತ್ತಿತ್ತು. ರಾತ್ರಿ ತಂಗಿದ ಕಡೆ ಹೊಳೆ ಸಿಕ್ಕರೆ ಚಕ್ರ ಬಿಚ್ಚಿ ನೀರಿನಲ್ಲಿ ನೆನೆಹಾಕುವುದು, ಸಿಗದಿದ್ದರೆ ಮರಕ್ಕೂ ಪಟ್ಟಿಗೂ ನಡುವೆ ಸಣ್ಣ ಸಣ್ಣ ಬೆಣೆ ಹೊಡೆಯುವುದು, ಅದೂ ಆಗದಿದ್ದರೆ ಪಟ್ಟಿಯನ್ನು ಕೆಂಪಗೆ ಕಾಯಿಸಿ ಕೂರಿಸಿ ನೀರು ಹೊಯ್ಯುವುದು.

ಇದನ್ನು ಓದುವಾಗ ನನಗೆ ನಮ್ಮೂರಿನ ಕುಲುಮೆ ನೆನಪಾಯಿತು. ಬಯಲುಸೀಮೆಯ ಬೇಸಿಗೆಯಲ್ಲಿ ಗಾಲಿ ಬಿರಿಯುವುದು ಹೊಸ ಸಂಗತಿಯೇನಲ್ಲ. ಕೆರೆಯಲ್ಲಿ ಗಾಲಿ ನೆನೆಹಾಕಿದ್ದು, ಬೆರಣಿಯ ಬೆಂಕಿಯಲ್ಲಿ ಪಟ್ಟಿ ಕಾಯಿಸಿ ನಾಲ್ಕು ಜನ ಇಕ್ಕಳ ಹಿಡಿದು ತಂದದ್ದು, ನೀರು ಬಿದ್ದ ಕೂಡಲೇ ಗಾಲಿಯೊಳಗಿಂದ ಬರುವ ಆ ಲಟಲಟ ಸದ್ದು... ಒಬ್ಬರನ್ನೊಬ್ಬರು ಕಂಡೇ ಇರದ ಎರಡು ಊರಿನ ಆಚಾರಿಗಳು ಒಂದೇ ಉಪಾಯಕ್ಕೆ ಬಂದಿದ್ದರು. ಮರ ಉಸಿರಾಡುತ್ತೆ ಅಂತ ಇಬ್ಬರಿಗೂ ಗೊತ್ತಿತ್ತು.

ಇನ್ನೊಂದು ಮಾತು. ಆ ಕಾಲದ ಬಂಡಿಯಲ್ಲಿ ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ ಇನ್ನೊಂದರ ತೂತಿನಲ್ಲಿ ಕೂರಿಸುತ್ತಿದ್ದರು. ಬಂಡಿ ಅಲುಗಾಡಿದಾಗ ಆ ನಾಲಗೆ ಕೊಂಚ ಆಡುತ್ತೆ, ಆದರೆ ಕಳಚುವುದಿಲ್ಲ. ಮುರಿದರೆ ದಾರಿಯಲ್ಲೇ ಹೊಸದು ಕೆತ್ತಬಹುದು. ರಿಪೇರಿ ಅನ್ನುವುದು ಗಾಡಿಯ ಕಲ್ಪನೆಯಲ್ಲೇ ಸೇರಿತ್ತು.

ಮೋಟಾರು ಬಂದಾಗ ಈ ಜ್ಞಾನವೆಲ್ಲ ಕಾರಿಗೆ ಹೋಯಿತು. ಮೊದಲ ಕಾರುಗಳ ಮೈ ಕಟ್ಟಿದವರು ಸಾರೋಟು ಕಟ್ಟುತ್ತಿದ್ದವರೇ. ಒಳಗೆ ಮರದ ಹಂದರ, ಹೊರಗೆ ತಗಡು. ಫೋರ್ಡ್ ಕಂಪನಿ ಮರಕ್ಕಾಗಿಯೇ 1920ರಲ್ಲಿ ಮಿಚಿಗನ್ನಿನ ಉತ್ತರ ಭಾಗದಲ್ಲಿ ಕಾಡು ಕೊಂಡು ಐರನ್ ಮೌಂಟನ್ ಎಂಬಲ್ಲಿ ದೊಡ್ಡ ಕೊಯ್ಯುವ ಮಿಲ್ಲು ಹಾಕಿತು. ಅಲ್ಲಿ ಉಳಿದ ಚೂರುಪಾರು ಮರದಿಂದ ಮಾಡಿದ ಇದ್ದಿಲೇ ಇಂದು ಅಮೆರಿಕನ್ನರು ಹಿತ್ತಲಲ್ಲಿ ಮಾಂಸ ಸುಡಲು ಬಳಸುವ ಕಿಂಗ್ಸ್‌ಫೋರ್ಡ್ ಇದ್ದಿಲು.

ಈ ಕಾಲದ ಮನುಷ್ಯರಲ್ಲಿ ನನಗೆ ಬಹಳ ಇಷ್ಟವಾದವನು ಚಾರ್ಲ್ಸ್ ವೈಮನ್. ಹೈಟಿಯಲ್ಲಿ ಹುಟ್ಟಿದ ವಿಮಾನ ಚಾಲಕ, 1911ರಲ್ಲಿ ಗಾರ್ಡನ್ ಬೆನೆಟ್ ವಿಮಾನ ಪಂದ್ಯ ಗೆದ್ದವನು. 1920ರ ದಶಕದ ಮೊದಲಲ್ಲಿ ಪ್ಯಾರಿಸ್ಸಿನಲ್ಲಿ ಕಾರಿನ ಮೈ ಕಟ್ಟುವ ಹೊಸ ಬಗೆಯೊಂದನ್ನು ತಂದ. ಕಾರು ಕಿರಗುಟ್ಟುವುದು ಮರಕ್ಕೆ ಮರ ಉಜ್ಜುವುದರಿಂದ ತಾನೇ? ಹಾಗಾದರೆ ಮರಕ್ಕೆ ಮರ ತಾಗಲೇಬಾರದು! ಎರಡು ಮರದ ನಡುವೆ ಸಣ್ಣ ಸಂದು ಬಿಟ್ಟು ಉಕ್ಕಿನ ಪಟ್ಟಿಗಳಿಂದ ಜೋಡಿಸಿದ. ಹೊರಗೆ ತಗಡಿನ ಬದಲು ಬಟ್ಟೆ ಹೊದಿಸಿದ. ರಸ್ತೆ ತಿರುಚಿದರೆ ಕಾರಿನ ಮೈಯೂ ಅದರ ಜೊತೆ ಬಳುಕುತ್ತಿತ್ತು, ಮೂಲೆಗಳು ಬಿರಿಯುತ್ತಿರಲಿಲ್ಲ. ವಿಮಾನ ಹಾರಿಸಿದವನಿಗೆ ಮಾತ್ರ ಹೊಳೆಯಬಹುದಾದ ಉಪಾಯ ಅಂತ ನನ್ನ ಅನಿಸಿಕೆ. 1930ರ ದಶಕದಲ್ಲಿ ಜನಕ್ಕೆ ಥಳಥಳ ಹೊಳೆಯುವ ಮೈ ಬೇಕಾಯಿತು, ಬಟ್ಟೆಯ ಕಾರು ಹಳತಾಯಿತು. ಜೊತೆಗೆ ಉಕ್ಕಿನ ಹಾಳೆಯನ್ನು ಒತ್ತಿ ಮೈ ಮಾಡುವ ವಿದ್ಯೆ ಬಲಿಯಿತು. 1935ರ ಮಾದರಿಗಳಲ್ಲಿ ಜನರಲ್ ಮೋಟರ್ಸ್ ಇಡೀ ಮಾಡನ್ನು ಒಂದೇ ಉಕ್ಕಿನ ಹಾಳೆಯಿಂದ ಮಾಡಿತು. ಕೆಲವೇ ವರ್ಷಗಳಲ್ಲಿ ಮಾಮೂಲಿ ಕಾರಿನಿಂದ ಮರ ಮಾಯವಾಯಿತು. ಮರದ ಜೊತೆ ಬಡಗಿಯೂ ಹೋದ, ಗಾಡಿಯ ಮರ ಹೇಗೆ ಆಡಬೇಕು ಅಂತ ಗೊತ್ತಿದ್ದ ಕೈಯೂ ಹೋಯಿತು.

ಮರ ಗಾಡಿಗೆ ವಾಪಸ್ ಬಂದದ್ದು ಪ್ಲೈವುಡ್ ರೂಪದಲ್ಲಿ, ಅದೂ ನಮ್ಮ ರಾಜ್ಯದಿಂದಲೇ. 1934ರಲ್ಲಿ ವಾಷಿಂಗ್ಟನ್ನಿನ ಅಬರ್ಡೀನ್ ಎಂಬ ಊರಿನಲ್ಲಿ ಹಾರ್ಬರ್ ಪ್ಲೈವುಡ್ ಕಂಪನಿಯ ಜೇಮ್ಸ್ ನೆವಿನ್ ನೀರಿಗೆ ಬಿಡದ ಅಂಟು ಕಂಡುಹಿಡಿದರು. ಅಲ್ಲಿಯವರೆಗೆ ಪ್ಲೈವುಡ್ ಎಂದರೆ ಒದ್ದೆಯಾದರೆ ಹಪ್ಪಳದಂತೆ ಬಿಟ್ಟುಕೊಳ್ಳುವ ವಸ್ತು. ಈಗ ಅದರಿಂದ ದೋಣಿ ಮಾಡಬಹುದು, ವಿಮಾನ ಮಾಡಬಹುದು, ರಸ್ತೆ ಮೇಲೆ ಓಡುವ ಮನೆಯನ್ನೂ ಮಾಡಬಹುದು.

ಮತ್ತೆ ರಸ್ತೆ. ಪರ್ಲ್ ಹಾರ್ಬರ್ ದಾಳಿಯ ನಂತರ ಅಲಾಸ್ಕಾಕ್ಕೆ ಭೂಮಾರ್ಗ ಬೇಕೇಬೇಕು ಅಂತ ಅಮೆರಿಕಾದ ಸೇನೆ 1942ರ ಮಾರ್ಚಿನಲ್ಲಿ ಕೆಲಸ ಹಿಡಿದು ಅಕ್ಟೋಬರಿನ ಹೊತ್ತಿಗೆ ಸುಮಾರು 2,700 ಕಿಲೋಮೀಟರ್ ದಾರಿ ಕಡಿಯಿತು. ಕಡಿದ ಸೈನಿಕರಲ್ಲಿ ಸುಮಾರು ಮೂರನೇ ಒಂದು ಭಾಗ ಕಪ್ಪು ಜನ, ಬಹಳ ಕಾಲ ಯಾರೂ ನೆನೆಯದೇ ಹೋದವರು. ನೆಲದಡಿಯ ಹಿಮ ಕರಗಿ ಕೆಸರಾದ ಕಡೆ ಮರದ ದಿಮ್ಮಿಗಳನ್ನು ಅಡ್ಡಡ್ಡ ಹಾಸಿ ಅದರ ಮೇಲೆ ಮಣ್ಣು ಸುರಿದರು. 1948ರಲ್ಲಿ ಆ ರಸ್ತೆ ಸಾಮಾನ್ಯ ಜನರಿಗೆ ತೆರೆಯಿತು. ಯುದ್ಧ ಮುಗಿಸಿ ಬಂದ, ಕೈಯಲ್ಲಿ ಒಂದಿಷ್ಟು ದುಡ್ಡಿದ್ದ, ಮನೆಯಲ್ಲಿ ಪಿಕಪ್ ಇದ್ದ ಜನ ಉತ್ತರಕ್ಕೆ ಹೊರಟರು, ಮೀನು ಹಿಡಿಯಲು, ಬೇಟೆಗೆ, ಸುಮ್ಮನೆ ನೋಡಲು. ಅಲ್ಲಿ ವಸತಿ ಇಲ್ಲ. ಮನೆಯ ಶೆಡ್ಡಿನಲ್ಲಿ ರೀಪು, ಪ್ಲೈವುಡ್ ಸೇರಿಸಿ ಪಿಕಪ್ ತೊಟ್ಟಿಗೆ ಗೂಡು ಕಟ್ಟಿಕೊಂಡರು. 1950ರ ದಶಕದಲ್ಲಿ ಇದೇ ಒಂದು ವ್ಯಾಪಾರವಾಯಿತು. ಒಂದು ಬ್ರಾಂಡಿನ ಹೆಸರೇ 'ಅಲಾಸ್ಕನ್'.

1960ರ ದಶಕದಲ್ಲಿ ಬೇಡಿಕೆ ಏರಿತು. ಕಾರ್ಖಾನೆಗಳಿಗೆ ಬೇಕಾದದ್ದು ಎರಡೇ: ಹಗುರ, ಬೇಗ. ಹಗುರ ಅಂದರೆ ರೀಪು ಸಣ್ಣದಾಯಿತು, ಒಳಗಿನ ಪ್ಲೈವುಡ್ ತೆಳ್ಳಗಾಯಿತು. ಬೇಗ ಅಂದರೆ ಗಾಳಿಯಿಂದ ನಡೆಯುವ ಸ್ಟೇಪಲ್ ಗನ್. ಅಂಟು ಒಣಗಲು ಕಾಯಬೇಕು, ಸ್ಟೇಪಲ್ಲಿಗೆ ಕಾಯಬೇಕಿಲ್ಲ. ಇದನ್ನು ಮೋಸ ಅಂತ ನಾನು ಹೇಳುವುದಿಲ್ಲ. ಅಷ್ಟರಲ್ಲಿ ದೇಶದ ತುಂಬ ಡಾಂಬರು ಬಿದ್ದಿತ್ತು, ಅಂತರರಾಜ್ಯ ಹೆದ್ದಾರಿಗಳು ಏಳುತ್ತಿದ್ದವು. ಡಾಂಬರಿನ ಮೇಲೆ ಈ ಪೆಟ್ಟಿಗೆಗಳು ಚೆನ್ನಾಗಿಯೇ ಬಾಳಿದವು. ಜಲ್ಲಿ ರಸ್ತೆಗಾಗಿ ಹುಟ್ಟಿದ ವಸ್ತುವನ್ನು ಡಾಂಬರಿನ ರಸ್ತೆಗಾಗಿ ಕಟ್ಟತೊಡಗಿದರು, ಜಾಹೀರಾತಿನ ಚಿತ್ರದಲ್ಲಿ ಮಾತ್ರ ಬೆಟ್ಟ, ಕಾಡು, ಕರಡಿ ಉಳಿದವು. ನನಗೆ ಸಿಟ್ಟು ಬರುವುದು ಈ ಚಿತ್ರದ ಬಗ್ಗೆ.

ಜಲ್ಲಿ ರಸ್ತೆ ಮಾಡುವುದೇನು? ನಮ್ಮಲ್ಲಿ ಗುಂಡಿ ಎಲ್ಲರಿಗೂ ಗೊತ್ತು. ಉತ್ತರದ ರಸ್ತೆಗಳಲ್ಲಿ ಗುಂಡಿಗಿಂತ ಕೆಟ್ಟದ್ದು ಅಲೆ: ಬಟ್ಟೆ ಒಗೆಯುವ ಏಣಿಗಲ್ಲಿನ ಹಾಗೆ ರಸ್ತೆಗೆ ಅಡ್ಡಲಾಗಿ ಸಾಲು ಸಾಲು ಪುಟ್ಟ ದಿಬ್ಬಗಳು. ಕೇಂಬ್ರಿಜ್ ಮತ್ತು ಟೊರಾಂಟೊದ ವಿಜ್ಞಾನಿಗಳು ದುಂಡಗೆ ತಿರುಗುವ ಮರಳಿನ ತೊಟ್ಟಿಯ ಮೇಲೆ ಚಕ್ರ ಓಡಿಸಿ ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಒಂದು ವೇಗ ಮೀರಿದ ಮೇಲೆ ಅಲೆ ಹುಟ್ಟಿಯೇ ಹುಟ್ಟುತ್ತೆ, ಚಕ್ರಕ್ಕೆ ಸ್ಪ್ರಿಂಗ್ ಇರಲಿ ಬಿಡಲಿ! ಆ ವೇಗಕ್ಕಿಂತ ಕೆಳಗಿದ್ದರೆ ಹುಟ್ಟುವುದಿಲ್ಲ, ಆದರೆ ಅಷ್ಟು ನಿಧಾನ ಓಡಿಸುವ ತಾಳ್ಮೆ ಯಾರಿಗಿದೆ?

ಅಲೆಯ ಮೇಲೆ ಓಡುವಾಗ ಎರಡು ಏಟು ಬೀಳುತ್ತವೆ. ಒಂದು, ಸೆಕೆಂಡಿಗೆ ಹಲವು ಬಾರಿ ನಡುಕ. ಮುಂದಕ್ಕೆ ಚಾಚಿದ ಮೂಗಿಗೆ ಕೆಳಗೆ ಆಸರೆ ಇಲ್ಲ, ಅದು ಒಂದೇ ಕಡೆ ಹಿಡಿದ ಹಲಗೆಯ ಹಾಗೆ ಮೇಲೆ ಕೆಳಗೆ ಬಡಿಯುತ್ತೆ, ಪ್ರತಿ ಬಡಿತವೂ ಮೂಗು ಗೋಡೆಗೆ ಸೇರುವ ಮೂಲೆಗೆ. ಎರಡನೆಯದು ತಿರುಚು. ಪಿಕಪ್ಪಿನ ಚಾಸಿ ಅಂದರೆ ಒಂದು ಏಣಿ ಮಲಗಿಸಿದ ಹಾಗೆ, ಒಂದು ಚಕ್ರ ಗುಂಡಿಗಿಳಿದಾಗ ಅದು ತಿರುಚಿಕೊಳ್ಳಬೇಕು, ಹಾಗೆಂದೇ ಮಾಡಿರುವುದು. ಅದರ ಮೇಲೆ ಬಿಗಿಯಾಗಿ ಕಟ್ಟಿದ ಪೆಟ್ಟಿಗೆ ತಿರುಚಲಾರೆ ಅನ್ನುತ್ತೆ. ಏಣಿ ಮತ್ತು ಪೆಟ್ಟಿಗೆಯ ಈ ಜಗಳದಲ್ಲಿ ಸೋಲುವುದು ಸ್ಟೇಪಲ್. ರೀಪಿನ ತುದಿಯ ಕಡೆಯಿಂದ, ನಾರಿನ ಉದ್ದಕ್ಕೆ ಹೊಡೆದ ಪಿನ್ನಿಗೆ ಹಿಡಿತವೇ ಕಡಿಮೆ. ಮೊದಲು ಕೂದಲೆಳೆ ಸಡಿಲ. ಮೇಲಿನ ತಗಡಿನ ಅಂಚು ಸರಿದು ಅಲ್ಲಿನ ಮೆತ್ತು ಬಿರಿಯುತ್ತೆ. ನೀರು ಹನಿಹನಿಯಾಗಿ ಒಳಗೆ. ಮರದ ತೇವ ಶೇಕಡಾ 20 ದಾಟಿ ಹಾಗೇ ಉಳಿದರೆ ಶಿಲೀಂಧ್ರಕ್ಕೆ ಹಬ್ಬ. ಅಂಗಡಿಯವರು ಕ್ಯಾಂಪರ್ ಕೊಳೆತು ಸತ್ತಿದೆ ಅನ್ನುತ್ತಾರೆ. ಕೊಳೆತದ್ದು ಕೊನೆಗೆ. ಸತ್ತದ್ದು ಮೂಲೆ ಸಡಿಲಾದ ದಿನ.

ನಾವು ಮಾಡಿದ್ದನ್ನು ಹೇಳುತ್ತೇನೆ. ಏನನ್ನೂ ಬಿಚ್ಚುವ ಮೊದಲು ಮೂಗಿನ ಕೆಳಗೆ ಮರದ ಕಂಬ, ಜಾಕ್ ಕೊಟ್ಟು ದಿನಕ್ಕೆ ಸ್ವಲ್ಪ ಸ್ವಲ್ಪವೇ ಎತ್ತಿದೆವು. ಒಂದೇ ಸಲ ಎತ್ತಿದ್ದರೆ ಉಳಿದ ಮೂಲೆಗಳೂ ಬಿಟ್ಟುಕೊಳ್ಳುತ್ತಿದ್ದವು. ಗೋಡೆಯ ಎರಡು ಕರ್ಣಗಳನ್ನು ಅಳೆದರೆ ಮುಕ್ಕಾಲು ಇಂಚು ವ್ಯತ್ಯಾಸ, ಅಂದರೆ ಆಯತ ವಾಲಿತ್ತು. ಎರಡೂ ಸಮ ಆಗುವವರೆಗೆ ಎಳೆದು ಹಗ್ಗ ಕಟ್ಟಿ ನಿಲ್ಲಿಸಿ, ತಗಡುಗಳಿಗೆ ನಂಬರ್ ಬರೆದು ಸುಲಿದೆವು. ಆಮೇಲೆ ದಬ್ಬಳ. ತೇವ ಅಳೆಯುವ ಮೀಟರೂ ತಾತನ ಹತ್ತಿರ ಇತ್ತು, ಆದರೆ ಗೋಣಿ ಹೊಲಿಯುವ ದಬ್ಬಳದಷ್ಟು ಸತ್ಯ ಹೇಳುವ ಉಪಕರಣ ಇನ್ನೊಂದಿಲ್ಲ. ಒಳ್ಳೆಯ ಮರ ತಡೆಯುತ್ತೆ, ಕೊಳೆತದ್ದರೊಳಗೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತೆ.

ಕೊಳೆತದ್ದನ್ನು ಗಟ್ಟಿ ಮರ ಸಿಕ್ಕ ಮೇಲೂ ಒಂದು ಗೇಣು ಹೆಚ್ಚಿಗೆ ಕತ್ತರಿಸಿದೆವು. ಹೊಸ ತುಂಡನ್ನು ತುದಿಗೆ ತುದಿ ತಾಗಿಸಿ ಸೇರಿಸಬಾರದು. ದೋಣಿ ಕಟ್ಟುವವರು ಮಾಡುವಂತೆ ಎರಡೂ ತುದಿಯನ್ನು ಓರೆಯಾಗಿ, ಒಂದು ಇಂಚು ದಪ್ಪಕ್ಕೆ ಎಂಟು ಇಂಚು ಉದ್ದದ ಓರೆ ಬರುವಂತೆ ಸೀಳಿ, ಇಪಾಕ್ಸಿ ಹಾಕಿ ಒತ್ತಿ ಹಿಡಿಯಬೇಕು. ಮೂಲೆಗಳಿಗೆ ಪ್ಲೈವುಡ್ಡಿನ ತ್ರಿಕೋನ, ಅಂಟು ಮತ್ತು ಸ್ಕ್ರೂ. ಒಳಗಿನ ಪ್ಲೈವುಡ್ಡನ್ನು ರೀಪುಗಳಿಗೆ ಉದ್ದಕ್ಕೂ ಅಂಟಿಸಿದೆವು. ಇದು ಸಣ್ಣ ಕೆಲಸದಂತೆ ಕಾಣುತ್ತೆ, ಆದರೆ ಗೋಡೆಗೆ ಬಲ ಬರುವುದು ಇಲ್ಲೇ. ಅಂಟಿದ ಹಾಳೆ ಮತ್ತು ಹಂದರ ಒಂದೇ ವಸ್ತುವಾಗಿ, ಆಯತ ವಾಲಲು ಬಿಡುವುದಿಲ್ಲ.

ಎರಡು ಎಚ್ಚರಿಕೆ, ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕಿದರೆ ಉಪಯೋಗಕ್ಕೆ ಬಂದೀತು. ಕೊಳೆಯಬಾರದು ಅಂತ ಔಷಧಿ ತುಂಬಿಸಿದ ಮರ ಹಾಕುವ ಆಸೆಯಾಗುತ್ತೆ, ಬೇಡ. ಈಗಿನ ಔಷಧಿಯಲ್ಲಿ ತಾಮ್ರ ಇರುತ್ತೆ, ತೇವ ಸೇರಿದರೆ ಅದು ಅಲ್ಯೂಮಿನಿಯಂ ತಗಡನ್ನೇ ತಿಂದುಹಾಕುತ್ತೆ. ಹಾಗೇ ಅಂಚುಗಳಿಗೆ ಸಿಲಿಕೋನ್ ಬಳಿಯಬೇಡಿ, ಮುಂದೆ ಅದರ ಮೇಲೆ ಇನ್ನೇನೂ ಅಂಟುವುದಿಲ್ಲ. ಬ್ಯೂಟೈಲ್ ಟೇಪು ನೋಡಲು ಚಂದವಿಲ್ಲ, ಆದರೆ ವರ್ಷಗಟ್ಟಲೆ ಮೆತ್ತಗೆ ಉಳಿಯುತ್ತೆ, ತಗಡು ಸರಿದರೆ ತಾನೂ ಸರಿಯುತ್ತೆ.

ಇಷ್ಟಾದ ಮೇಲೆ ತಾತ ಒಂದು ಮಾತು ಕೇಳಿದರು. ಪೆಟ್ಟಿಗೆಯನ್ನು ಇಷ್ಟು ಗಟ್ಟಿ ಮಾಡಿದೆವಲ್ಲ, ಈಗ ಟ್ರಕ್ಕು ತಿರುಚಿದಾಗ ಆ ಬಲ ಎಲ್ಲಿಗೆ ಹೋಗುತ್ತೆ? ನನಗೆ ತಕ್ಷಣ ನೆನಪಾದದ್ದು ವೈಮನ್. ಅವನು ಪೆಟ್ಟಿಗೆಯೊಳಗೆ ಬಿಟ್ಟ ಸಂದನ್ನು ನಾವು ಪೆಟ್ಟಿಗೆಗೂ ಟ್ರಕ್ಕಿಗೂ ನಡುವೆ ಬಿಡಬೇಕು. ಯೂನಿಮಾಗ್‌ನಂಥ ಕಾಡುದಾರಿಯ ಟ್ರಕ್ಕುಗಳಲ್ಲಿ ಮೇಲಿನ ಪೆಟ್ಟಿಗೆಯನ್ನು ಚಾಸಿಗೆ ಬಿಗಿಯದೆ, ಕೆಳಗೆ ತಿರುಗಬಲ್ಲ ಆಧಾರ ಕೊಟ್ಟು ಕೂರಿಸುತ್ತಾರೆ. ಮೂರು ಕಾಲಿನ ಮುಕ್ಕಾಲಿ ಯಾವ ನೆಲದ ಮೇಲೂ ಅಲುಗದೆ ಕೂರುವ ಲೆಕ್ಕ ಅದು. ಪಿಕಪ್ಪಿನಲ್ಲಿ ಅಷ್ಟೆಲ್ಲ ಆಗದು. ಅಡಿಗೆ ದಪ್ಪ ರಬ್ಬರ್ ಚಾಪೆ ಹಾಸಿ, ಬಿಗಿ ಸರಪಳಿಗಳ ಬದಲು ಸ್ಪ್ರಿಂಗ್ ಇರುವ ಕಟ್ಟು ಹಾಕಿದೆವು. ಜಲ್ಲಿ ರಸ್ತೆಯಲ್ಲಿ ಟೈರಿನ ಗಾಳಿ ಇಳಿಸುವುದು ಅಂತ ಒಪ್ಪಂದವೂ ಆಯಿತು. ಮೊಮ್ಮಗಳು ಮುಂದಿನ ಬೇಸಿಗೆಗೆ ಟುಕ್ಟೊಯಾಕ್ಟುಕ್‌ವರೆಗೆ ಹೋಗೋಣ ಅನ್ನುತ್ತಿದ್ದಾಳೆ, 2017ರಿಂದ ಇನುವಿಕ್ ದಾಟಿ ಸಮುದ್ರದವರೆಗೂ ರಸ್ತೆ ಇದೆ. ತಾತ ಇನ್ನೂ ಹೂಂ ಅಂದಿಲ್ಲ.

ಕ್ಯಾಂಪರುಗಳ ಮೊದಲ ಸುಗ್ಗಿ 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಮುರಿಯಿತು, ಎಷ್ಟೋ ಸಣ್ಣ ಕಾರ್ಖಾನೆಗಳು ಬಾಗಿಲು ಹಾಕಿದವು. ಅವು ಕಟ್ಟಿದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಹಿತ್ತಲುಗಳಲ್ಲಿ ಕರಗಿಹೋಗಿವೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದ ಒಂದು ಮಾತ್ರ ಮಳೆ ಬೀಳದ ಕಡೆ ಸುಖವಾಗಿದೆ. ಜಾನ್ ಸ್ಟೈನ್‌ಬೆಕ್ 1960ರಲ್ಲಿ ಚಾರ್ಲಿ ಎಂಬ ನಾಯಿಯ ಜೊತೆ ದೇಶ ಸುತ್ತಿದ ಜಿಎಂಸಿ ಪಿಕಪ್ಪು ಮತ್ತು ಕ್ಯಾಂಪರ್, ಡಾನ್ ಕ್ವಿಕ್ಸಾಟನ ಕುದುರೆಯ ಹೆಸರು ಹೊತ್ತ ರೊಸಿನಾಂಟೆ. ಆ ಪ್ರವಾಸದ ಪುಸ್ತಕ ಬಂದದ್ದೂ ಅವರಿಗೆ ನೊಬೆಲ್ ಬಂದದ್ದೂ ಒಂದೇ ವರ್ಷ, 1962ರಲ್ಲಿ. ಆತ ಹೆಚ್ಚಾಗಿ ಡಾಂಬರಿನ ಮೇಲೇ ಓಡಿಸಿದ್ದು. ಆದರೂ ಪುಸ್ತಕಗಳು, ಉಪಕರಣ, ಊಟದ ಸಾಮಾನು ಅಂತ ಭಾರ ಹೇರಿದ್ದೇ ಹೇರಿದ್ದು. ಆರೆಗಾನ್‌ನ ಒಂದು ಮಳೆಯ ಭಾನುವಾರ ಹಿಂದಿನ ಟೈರು ಸಿಡಿಯಿತು. ಈಗ ಅದು ಕ್ಯಾಲಿಫೋರ್ನಿಯಾದ ಸಲೀನಾಸ್ ಊರಿನ ಸ್ಟೈನ್‌ಬೆಕ್ ಮ್ಯೂಸಿಯಮ್ಮಿನಲ್ಲಿ ನಿಂತಿದೆ. ನಾನು ಹೋದಾಗ ಎಲ್ಲರೂ ಕಿಟಕಿಯಿಂದ ಒಳಗಿನ ಮೇಜು, ಒಲೆ ನೋಡುತ್ತಿದ್ದರು. ನಾನು ಮೂಗು ಗೋಡೆಗೆ ಸೇರುವ ಮೂಲೆಯ ಕೆಳಗೆ ಬಗ್ಗಿ ನೋಡಿದೆ. ಅಂಚಿನ ಸ್ಕ್ರೂಗಳೆಲ್ಲ ನೆಟ್ಟಗಿದ್ದವು.